ಗೆರೆ ಎಳೆದವನು

ಬೆಳಿಗ್ಗೆ ಐದಕ್ಕೆ ಎದ್ದು
ಕೌಲ್ ಬಜಾರಿನ ಮೈದಾನಕ್ಕೆ ಗೆರೆ ಎಳೆದವನು ನಾನು.
ತೂತು ಕೊರೆದ ಡಾಲ್ಡಾ ಡಬ್ಬಿ, ಅರ್ಧ ಚೀಲ ಸುಣ್ಣದ ಪುಡಿ,
ಗೂಟಕ್ಕೆ ಕಟ್ಟಿದ ದಾರ, ಜೀನ್ಸ್ ಹೊಲೆಯುವ ಹಳದಿ ದಾರ,
ಎಷ್ಟು ಎಳೆದರೂ ಹರಿಯದ್ದು.
ವಾಷಿಂಗ್ ಯೂನಿಟ್ಟಿನಲ್ಲಿ ಹನ್ನೊಂದು ವರ್ಷ;
ಯಾವ ಸೋಪಿಗೂ ಬಿಡದ ನೀಲಿ ನನ್ನ ಬೆರಳು.
ಆ ನೀಲಿಯ ಮೇಲೆ ಈ ಸುಣ್ಣ.
ಕೈ ನೋಡಿಕೊಂಡೆ, ನಮ್ಮ ತಂಡದ ಅಂಗಿಯೇ:
ನೀಲಿ, ಬಿಳಿ ಪಟ್ಟಿ.
ಇವತ್ತು ಗೆದ್ದೆವು ಅಂದುಕೊಂಡೆ.
ಹುಚ್ಚ.

ಆದೋನಿಯವರು ಟೆಂಪೋದಲ್ಲಿ ಬಂದರು.
ಇಳಿಯುತ್ತಲೇ ಒಬ್ಬನಿಗೆ ವಾಂತಿ.
ಅವರ ಕೀಪರನ ಬೂಟಿಗೆ ಸುತ್ತಿದ್ದು ಸೈಕಲ್ ಟ್ಯೂಬು.
ದಾದಾಪೀರ್ ಮಾಮು ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಬಿಚ್ಚಿ
"ಇವ್ರಿಗೆ ನಾಕಾದ್ರೂ ಹಾಕ್ಲಿಲ್ಲಂದ್ರ
ಗುಡ್ಡದ ಮ್ಯಾಲಿನ ಕೋಟಿಗೇ ಅವಮಾನ" ಅಂದ,
ಮೆಣಸಿನಕಾಯಿ ಕಚ್ಚಿದ. ಎಲ್ಲರೂ ನಕ್ಕೆವು.

ನಾಕಲ್ಲ, ಒಂದಕ್ಕೂ ಗತಿಯಿಲ್ಲ.
ಮಸ್ತಾನ್ ಮೂರು ಸಲ ಖಾಲಿ ಗೋಲಿನ ಎದುರು ನಿಂತು
ಮೂರು ಸಲವೂ ರಸ್ತೆಗೆ ಒದ್ದ.
ಒಂದು ಚೆಂಡು ಅದಿರಿನ ಲಾರಿಯೊಳಗೆ ಬಿದ್ದು
ತೋರಣಗಲ್ಲಿನ ಕಡೆ ಹೋಗಿಯೇ ಹೋಯಿತು;
ಬೈಕಿನಲ್ಲಿ ಬೆನ್ನಟ್ಟಿದ ಹುಡುಗ ಇನ್ನೂ ಬಂದಿಲ್ಲ.
ಎರ್ರಿಸ್ವಾಮಿ ಚೆಂಡು ಕೊಟ್ಟದ್ದೆಲ್ಲ ಆದೋನಿಗೇ,
ಹಳೇ ಬಾಕಿ ತೀರಿಸುವವನ ಹಾಗೆ, ಬಡ್ಡಿ ಸಮೇತ.
"ಲೇ, ಅದು ಕಾಲೋ ಕಟಿಗ್ಯೋ?"
ಅರ್ಧ ದಿನದ ಕೂಲಿ ಬಿಟ್ಟು ಬಂದದ್ದು
ಇದನ್ನು ಕೂಗುವುದಕ್ಕಾ?
ಕೂಗಿದೆ. ಕೂಗಿ ಕೂಗಿ
ಗಂಟಲು ಕೆಂಪು ಧೂಳಿನ ಚೀಲ.

ಎಂಬತ್ತೆಂಟನೇ ನಿಮಿಷ.
ಟ್ಯೂಬು ಸುತ್ತಿದ ಬೂಟು ಒದ್ದ ಉದ್ದನೆ ಚೆಂಡು,
ಒಂದು ಪುಟಿತ, ಇನ್ನೊಂದು,
ವಾಂತಿ ಮಾಡಿದ್ದವನ ಹಣೆ.
ನಮ್ಮ ಗಾದಿಲಿಂಗ ತಿರುಗಿ ಹಾರಿದ, ಹಿಡಿದ,
ಎದೆಗೆ ಅವುಚಿಕೊಂಡು ಬೋರಲು ಬಿದ್ದ.
ಗೆರೆಯ ಮೇಲೋ? ಆಚೆಗೋ?

ರೆಫರಿ ಸೀಟಿ ಊದಿದ. ಗೋಲು.
ಓಣಿಗೆ ಓಣಿಯೇ ಒಳಗೆ ನುಗ್ಗಿತು.
"ದಾಟಿಲ್ಲ!" ಅಂದ ಮಸ್ತಾನ್, ಅರವತ್ತು ಗಜದ ಆಚೆಯಿಂದ.
"ದಾಟಿಲ್ಲ" ಅಂದಳು ಬಜ್ಜಿ ಗಾಡಿಯ ಈರಮ್ಮ,
ಬಾಣಲೆಯಿಂದ ತಲೆ ಎತ್ತದೆ.
ಮಾಮು ನನ್ನ ರಟ್ಟೆ ಹಿಡಿದು ಎಳೆದ:
"ಗೆರಿ ಹಾಕಿದಾವ ಇಲ್ಲೇ ಅದಾನ, ಕೇಳ್ರಿ ಅವನ್ನ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ;
ಗಾದಿಲಿಂಗ ಮೊಣಕಾಲು ಒರೆಸಿಕೊಳ್ಳುತ್ತಿದ್ದ.
ಸುಣ್ಣ ಮೊಣಕಾಲಿಗೆ. ಎದೆ, ಚೆಂಡು, ಎಲ್ಲ ಒಳಗೆ.
ಅಷ್ಟೇ ಆಗಿದ್ದರೆ ಅವನನ್ನು ಬೈದು ಮನೆಗೆ ಹೋಗುತ್ತಿದ್ದೆ.

ಬೆಳಿಗ್ಗೆ ಆ ಕಂಬದ ಬುಡದಲ್ಲಿ ನಾಯಿ ಮಲಗಿತ್ತು.
ಬಸುರಿ. ಎಬ್ಬಿಸಲು ಮನಸ್ಸಾಗಲಿಲ್ಲ.
ದಾರ ಬಿಟ್ಟು, ಡಬ್ಬಿ ಬಾಗಿಸಿ,
ಗೆರೆಯನ್ನು ಒಂದು ನಾಯಿಯಷ್ಟು ಈಚೆಗೆ ತಂದಿದ್ದೆ.
ಕಂಬದಿಂದ ಕಂಬಕ್ಕೆ ದಾರ ಹಿಡಿದರೆ ದಾಟಿಲ್ಲ.
ನನ್ನ ಗೆರೆ ನೋಡಿದರೆ ದಾಟಿದೆ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.
ಆದೋನಿಯ ಆ ಹುಡುಗನೂ,
ಮೂಗು ಒರೆಸಿಕೊಂಡು, ಇನ್ನೂ ನಗದೆ.
"ದಾಟೇತಿ" ಅಂದೆ.

ಮಾಮು ಪೊಟ್ಟಣ ಮಡಚಿ ಜೇಬಿಗಿಟ್ಟ.
ಎರ್ರಿಸ್ವಾಮಿ, ತೊಂಬತ್ತು ನಿಮಿಷದಲ್ಲಿ ಮೊದಲ ಸಲ
ಗುರಿ ಇಟ್ಟು, ನನ್ನ ಡಬ್ಬಿಗೆ ಒದ್ದ.

ಮನೆಯಲ್ಲಿ ಹುಲಿಗೆಮ್ಮ "ಎಷ್ಟು?" ಅಂದಳು.
ಒಂದು ಬೆರಳು ಎತ್ತಿದೆ.
"ಅವರದ್ದಾ, ನಮ್ಮದಾ?"
ಬೆರಳು ಇಳಿಸಿದೆ.

ಕತ್ತಲಾದ ಮೇಲೆ ಡಬ್ಬಿ ಹುಡುಕಲು ಹೋದೆ.
ಅದೇ ಕಂಬ, ಅದೇ ನಾಯಿ,
ಗೆರೆಯ ಮೇಲೇ ಹೊರಳಿ ಮೈಯೆಲ್ಲ ಬೆಳ್ಳಗೆ.
ಬಾಯಿಗೆ ಬಂದದ್ದೆಲ್ಲ ಬೈಯಬೇಕೆಂದು ನಿಂತೆ.
ದನಿ ಇರಲಿಲ್ಲ.
ಅದು ಒಮ್ಮೆ ಬಾಲ ಅಲ್ಲಾಡಿಸಿತು,
ಸುಣ್ಣ ಎದ್ದು ಮೂಗಿಗೆ ಬಂತು.